2025ರ ಫಾರ್ಮುಲಾ ಒನ್: ಸೀಟು ಬದಲಾದದ್ದು ಒಂದೇ ವರ್ಷದಲ್ಲಿ, ತಲೆಮಾರು ಬದಲಾಗುವುದು ಇನ್ನೂ ಬಾಕಿ

2025ರ ಫಾರ್ಮುಲಾ ಒನ್ ಸೀಸನ್ ಶುರುವಾಗುವ ಮೊದಲೇ ಅದಕ್ಕೆ ‘ಹೊಸಬರ ವರ್ಷ’ ಎಂಬ ಹೆಸರು ಬಿದ್ದಿತ್ತು. ಇಪ್ಪತ್ತು ಸೀಟುಗಳಲ್ಲಿ ಆರರಲ್ಲಿ ಪೂರ್ಣ ಸೀಸನ್ ಓಡಿಸಿದ ಅನುಭವವೇ ಇಲ್ಲದವರು ಕೂತಿದ್ದರು. ಕಿಮಿ ಆಂಟೊನೆಲ್ಲಿ, ಆಲಿವರ್ ಬೇರ್ಮನ್, ಗೇಬ್ರಿಯಲ್ ಬೊರ್ಟೊಲೆಟೊ, ಇಸಾಕ್ ಹಜಾರ್, ಜ್ಯಾಕ್ ಡೂಹನ್, ಲಿಯಾಮ್ ಲಾಸನ್. ಆದರೆ ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ಚಾಂಪಿಯನ್ ಆದ ಲ್ಯಾಂಡೊ ನಾರಿಸ್ ಅವರಿಗೆ ಅದು ಏಳನೆಯ ಸೀಸನ್. ಹೊಸಬರ ವರ್ಷದ ಕಿರೀಟ 2019ರ ಬ್ಯಾಚಿನವರ ತಲೆಗೇರಿತು. ಇದು ಆಕಸ್ಮಿಕವಲ್ಲ. ಈ ಆಟದಲ್ಲಿ ಡ್ರೈವರ್‌ಗಳು ಬದಲಾಗುವ ವೇಗವೇ ಬೇರೆ, ಗೆಲುವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವ ವೇಗವೇ ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡರೆ 2025ರಲ್ಲಿ ನಡೆದದ್ದು ಅರ್ಥವಾಗುವುದಿಲ್ಲ.

ಮೊದಲು ಒಮ್ಮೆಲೇ ಆರು ಸೀಟು ಹೇಗೆ ಖಾಲಿಯಾದವು ನೋಡೋಣ. 2023ರ ಕೊನೆಯ ರೇಸ್‌ನಲ್ಲಿ ಓಡಿದ ಇಪ್ಪತ್ತು ಮಂದಿಯೇ 2024ರ ಮೊದಲ ರೇಸ್‌ನಲ್ಲೂ ಸಾಲು ನಿಂತಿದ್ದರು, ಅವವೇ ತಂಡಗಳಲ್ಲಿ. 1950ರಲ್ಲಿ ಚಾಂಪಿಯನ್‌ಷಿಪ್ ಆರಂಭವಾದಾಗಿನಿಂದ ಹಾಗೆ ಎಂದೂ ಆಗಿರಲಿಲ್ಲ. ಆಗ ಇದ್ದದ್ದು ಹತ್ತು ತಂಡ, ತಂಡಕ್ಕೆ ಎರಡು ಕಾರು, ಲೆಕ್ಕ ಅಷ್ಟೇ. ಒಪ್ಪಂದಗಳು ಎರಡು ಮೂರು ವರ್ಷದವು. ಇದರ ಮೇಲೆ 2021ರಲ್ಲಿ ಬಂದ ವೆಚ್ಚದ ಮಿತಿ ಇನ್ನೊಂದು ಬೀಗ ಹಾಕಿತು. ಒಂದು ತಂಡ ವರ್ಷಕ್ಕೆ ಇಷ್ಟೇ ಖರ್ಚು ಮಾಡಬಹುದು ಎಂಬ ಈ ನಿಯಮದಲ್ಲಿ ಡ್ರೈವರ್‌ನ ಸಂಬಳ ಲೆಕ್ಕಕ್ಕಿಲ್ಲ, ಆದರೆ ಒಡೆದ ಕಾರಿನ ಬಿಡಿಭಾಗ ಲೆಕ್ಕಕ್ಕಿದೆ. ಅಂದರೆ ಪಳಗಿದವನಿಗೆ ಹೆಚ್ಚು ಸಂಬಳ ಕೊಟ್ಟರೆ ತೊಂದರೆಯಿಲ್ಲ. ಹೊಸ ಹುಡುಗ ನಾಲ್ಕು ಸಲ ಗೋಡೆಗೆ ಗುದ್ದಿದರೆ ಕಾರನ್ನು ಸುಧಾರಿಸಲು ಇಟ್ಟ ದುಡ್ಡು ರಿಪೇರಿಗೆ ಹೋಗುತ್ತದೆ. ತಂಡಗಳು ಹಳಬರನ್ನೇ ಹಿಡಿದುಕೊಂಡು ಕೂತದ್ದರಲ್ಲಿ ಈ ಲೆಕ್ಕಾಚಾರದ ಪಾಲು ದೊಡ್ಡದು.

ಅದಕ್ಕೆ ಬೆಲೆ ತೆತ್ತವರು ಯಾರು? ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ 2022ರ ಚಾಂಪಿಯನ್ ಫೆಲಿಪೆ ಡ್ರುಗೊವಿಚ್, 2023ರ ಚಾಂಪಿಯನ್ ಥಿಯೊ ಪೂರ್ಶೇರ್. ಇಬ್ಬರಿಗೂ ರೇಸ್ ಸೀಟು ಸಿಗಲಿಲ್ಲ. 2021ರ ಚಾಂಪಿಯನ್ ಆಸ್ಕರ್ ಪಿಯಾಸ್ಟ್ರಿ ಕೂಡ ಒಂದು ವರ್ಷ ರಿಸರ್ವ್ ಡ್ರೈವರ್ ಆಗಿ ಗ್ಯಾರೇಜ್‌ನಲ್ಲಿ ಕಾದು, 2023ರಲ್ಲಷ್ಟೇ ಮೆಕ್‌ಲಾರೆನ್ ಕಾರು ಹತ್ತಿದರು. ಮೆಟ್ಟಿಲಿನ ತುತ್ತತುದಿ ಮುಟ್ಟಿದವರಿಗೆ ಬಾಗಿಲೇ ತೆರೆಯದಿದ್ದರೆ ಅದು ಪ್ರತಿಭೆಯ ಕೊರತೆಯಲ್ಲ. ಈ ಅನ್ಯಾಯ ನನ್ನನ್ನು ಇವತ್ತಿಗೂ ಕಾಡುತ್ತದೆ.

ಬಾಗಿಲು ತೆರೆದದ್ದು 2024ರ ಫೆಬ್ರವರಿ 1ರಂದು. ಏಳು ಬಾರಿಯ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್ 2025ರಿಂದ ಫೆರಾರಿಗೆ ಹೋಗುತ್ತಾರೆ ಎಂಬ ಘೋಷಣೆ ಬಂತು. ಅದರಿಂದ ಮರ್ಸಿಡಿಸ್‌ನಲ್ಲಿ ಒಂದು ಜಾಗ ತೆರವಾಯಿತು, ಆಂಟೊನೆಲ್ಲಿ ಬಂದರು. ಫೆರಾರಿಯಿಂದ ಹೊರಬಿದ್ದ ಕಾರ್ಲೋಸ್ ಸೈನ್ಸ್ ವಿಲಿಯಮ್ಸ್ ಸೇರಿದರು. ಅದೇ ಸುಮಾರಿಗೆ ಅನೇಕರ ಒಪ್ಪಂದವೂ ಮುಗಿಯುತ್ತಿತ್ತು. ನಿಕೊ ಹುಲ್ಕೆನ್‌ಬರ್ಗ್ ಹಾಸ್ ಬಿಟ್ಟು, ಮುಂದೆ ಆಡಿ ಆಗಲಿದ್ದ ಸೌಬರ್‌ಗೆ ಹೋದರು; ಹಾಸ್‌ಗೆ ಬೇರ್ಮನ್ ಬಂದರು. ಸೌಬರ್ ತನ್ನ ಇಬ್ಬರನ್ನೂ ಬಿಟ್ಟು ಎರಡನೆಯ ಸೀಟನ್ನು ಬೊರ್ಟೊಲೆಟೊಗೆ ಕೊಟ್ಟಿತು. ಎಸ್ತೆಬಾನ್ ಓಕಾನ್ ಆಲ್ಪೀನ್ ಬಿಟ್ಟಾಗ ಡೂಹನ್ ಒಳಗೆ ಬಂದರು. ಸೆರ್ಜಿಯೊ ಪೆರೆಜ್ ರೆಡ್ ಬುಲ್‌ನಿಂದ ಹೊರನಡೆದಾಗ ಲಾಸನ್ ಮೇಲೇರಿದರು, ಕೆಳಗಿನ ತಂಡವಾದ ರೇಸಿಂಗ್ ಬುಲ್ಸ್‌ಗೆ ಹಜಾರ್ ಬಂದರು. ವರ್ಷಗಟ್ಟಲೆ ತಡೆದು ನಿಂತ ನೀರು ಕೋಡಿ ಬಿದ್ದಂತೆ ಒಂದೇ ಸಲ ಹರಿಯಿತು. ಈ ಹುಡುಗರು ತಮಗಿಂತ ಹಿಂದಿನ ಮೂರು ವರ್ಷದ ಹುಡುಗರಿಗಿಂತ ಆರು ಪಟ್ಟು ಪ್ರತಿಭಾವಂತರಾಗಿರಲಿಲ್ಲ. ಅವರು ಬಂದ ಹೊತ್ತಿಗೆ ಸೀಟು ಖಾಲಿ ಇತ್ತು.

ಹಾಗೆಂದು ಸಿಕ್ಕ ಸಿಕ್ಕವರು ಬಂದು ಕೂರುವಂತಿಲ್ಲ. ಎಂಟೊಂಬತ್ತು ವಯಸ್ಸಿಗೇ ಕಾರ್ಟಿಂಗ್ ಎಂಬ ಪುಟ್ಟ ಬಂಡಿಗಳ ರೇಸ್, ಹದಿನೈದರ ಆಸುಪಾಸಿನಲ್ಲಿ ಫಾರ್ಮುಲಾ 4, ಅಲ್ಲಿಂದ ಪ್ರಾದೇಶಿಕ ಸರಣಿ, ಫಾರ್ಮುಲಾ 3, ಫಾರ್ಮುಲಾ 2. ಇದು ಇವತ್ತಿನ ದಾರಿ. ಮೇಲಿನ ಹಂತಗಳಲ್ಲಿ ಒಂದು ಸೀಸನ್‌ಗೆ ಲಕ್ಷಾಂತರ ಯೂರೋ ಬೇಕು. ಕೊನೆಗೆ ಬೇಕಾದದ್ದು ಈ ಆಟವನ್ನು ಆಳುವ ಜಾಗತಿಕ ಸಂಸ್ಥೆ ಎಫ್‌ಐಎ ಕೊಡುವ ಸೂಪರ್ ಲೈಸೆನ್ಸ್. ಮೂರು ವರ್ಷದ ಫಲಿತಾಂಶಗಳಿಂದ 40 ಅಂಕ ಕೂಡಿಸಬೇಕು, ವಯಸ್ಸು 18 ಆಗಿರಬೇಕು. ಫಾರ್ಮುಲಾ 2ರಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ 40 ಅಂಕ ನೇರವಾಗಿ ಸಿಗುತ್ತದೆ. ಈ ಬಿಗಿ ನಿಯಮಕ್ಕೆ ಕಾರಣ ಮ್ಯಾಕ್ಸ್ ವರ್‌ಸ್ಟಾಪನ್. 2015ರಲ್ಲಿ ಅವರು 17ನೆಯ ವಯಸ್ಸಿಗೆ, ಒಂದೇ ವರ್ಷ ಫಾರ್ಮುಲಾ 3 ಓಡಿಸಿ ಬಂದುಬಿಟ್ಟರು. ಇಷ್ಟು ಎಳೆಯವರನ್ನು ಬಿಡುವುದು ಸರಿಯೇ ಎಂಬ ಚರ್ಚೆ ಎದ್ದು, 2016ರಿಂದ ನಿಯಮ ಬದಲಾಯಿತು. ಅದೇ ವರ್ಷ ಸ್ಪೇನ್‌ನಲ್ಲಿ 18ನೆಯ ವಯಸ್ಸಿನಲ್ಲಿ ಗೆದ್ದು ವರ್‌ಸ್ಟಾಪನ್ ಅತಿ ಕಿರಿಯ ವಿಜೇತರಾದರು. ಈಗ ಅಸಾಧಾರಣ ಸಂದರ್ಭದಲ್ಲಿ 17ರವರಿಗೂ ಎಫ್‌ಐಎ ವಿನಾಯಿತಿ ಕೊಡಬಹುದು.

ಲೈಸೆನ್ಸ್ ಇದ್ದರೂ ಕಾರು ಓಡಿಸಿ ಅಭ್ಯಾಸ ಮಾಡುವುದು ಎಲ್ಲಿ? ಹೊಸಬರ ಕಷ್ಟದ ಮೂಲ ಇಲ್ಲಿದೆ. ಹ್ಯಾಮಿಲ್ಟನ್ 2007ರಲ್ಲಿ ಬಂದಾಗ ತಂಡಗಳು ರೇಸ್‌ಗಳ ನಡುವೆ ಬೇಕಾದಷ್ಟು ಟೆಸ್ಟಿಂಗ್ ಮಾಡುತ್ತಿದ್ದವು. ಮೊದಲ ರೇಸ್‌ಗೆ ಮೊದಲೇ ಅವರು ಸಾವಿರಾರು ಕಿಲೋಮೀಟರ್ ಓಡಿಸಿದ್ದರು. 2009ರಲ್ಲಿ ಅದಕ್ಕೆ ಕಡಿವಾಣ ಬಿತ್ತು. 2025ರ ಸೀಸನ್‌ಗೆ ಮುನ್ನ ಬಹರೈನ್‌ನಲ್ಲಿ ಸಿಕ್ಕದ್ದು ಬರೀ ಮೂರು ದಿನ, ತಂಡಕ್ಕೆ ಒಂದೇ ಕಾರು. ಇಬ್ಬರು ಹಂಚಿಕೊಂಡರೆ ಒಬ್ಬರಿಗೆ ಒಂದೂವರೆ ದಿನ. ಅಷ್ಟರಲ್ಲಿ ಹೊಸ ಕಾರಿನ ಬ್ರೇಕ್, ಟೈರ್, ಸ್ಟೀರಿಂಗ್ ಮೇಲಿನ ಹತ್ತಾರು ಗುಂಡಿ, ಎಲ್ಲವೂ ಕೈಗೆ ಹತ್ತಬೇಕು. ಉಳಿದ ದಾರಿಗಳು ಎರಡು. ಒಂದು ಸಿಮ್ಯುಲೇಟರ್. ಇನ್ನೊಂದು ಹಳೆಯ ಕಾರು: ಎರಡು ವರ್ಷ ಅಥವಾ ಅದಕ್ಕೂ ಹಿಂದಿನ ಕಾರನ್ನು ಟ್ರ್ಯಾಕ್‌ಗೆ ಇಳಿಸಲು ನಿಯಮ ಬಿಡುತ್ತದೆ. ದುಡ್ಡಿರುವ ತಂಡ ತನ್ನ ಹುಡುಗನಿಗೆ ಇದನ್ನು ಧಾರಾಳವಾಗಿ ಮಾಡಿಸುತ್ತದೆ, ಇಲ್ಲದ ತಂಡ ಮಾಡಿಸುವುದಿಲ್ಲ. ಹೀಗೆ ಹೊಸಬರ ನಡುವೆಯೇ ಅಂತರ ಹುಟ್ಟುತ್ತದೆ.

ಆಂಟೊನೆಲ್ಲಿ ಈ ಧಾರಾಳದ ಫಲ. 2024ರಲ್ಲಿ ಮರ್ಸಿಡಿಸ್ ಅವರಿಗೆ 2021 ಮತ್ತು 2022ರ ಕಾರುಗಳನ್ನು ಕೊಟ್ಟು ಯುರೋಪಿನ ಟ್ರ್ಯಾಕ್‌ಗಳಲ್ಲಿ ಪಳಗಿಸಿತು. ಅವರು ಫಾರ್ಮುಲಾ 3 ಓಡಿಸಲೇ ಇಲ್ಲ, ಫಾರ್ಮುಲಾ 2ರಲ್ಲಿ ಬಂದದ್ದು ಆರನೆಯ ಸ್ಥಾನ. ಇಬ್ಬರು ಚಾಂಪಿಯನ್ನರು ಹೊರಗೆ ನಿಂತಿದ್ದಾಗ ಆರನೆಯವರಿಗೆ ಮರ್ಸಿಡಿಸ್! ಕೇಳಿದಾಗ ನನಗೂ ಒಪ್ಪಿಗೆಯಾಗಿರಲಿಲ್ಲ. 2024ರ ಆಗಸ್ಟ್ 30ರಂದು ಇಟಲಿಯ ಮೊಂಜಾದಲ್ಲಿ, 18 ತುಂಬಿ ಐದನೆಯ ದಿನಕ್ಕೆ, ಮೊದಲ ಬಾರಿಗೆ ಅಧಿಕೃತ ಅಭ್ಯಾಸಕ್ಕಿಳಿದ ಅವರು ಹತ್ತೇ ನಿಮಿಷದಲ್ಲಿ ಕಾರನ್ನು ತಡೆಗೋಡೆಗೆ ಗುದ್ದಿದರು. ಮರುದಿನ ಮರ್ಸಿಡಿಸ್ ಅವರ ಹೆಸರನ್ನೇ ಘೋಷಿಸಿತು. ಒಂದು ತಂಡ ಹುಡುಗನ ಮೇಲೆ ನಂಬಿಕೆ ಇಟ್ಟಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮೊದಲ ರೇಸ್ 2025ರ ಮಾರ್ಚ್ 16, ಮೆಲ್ಬರ್ನ್, ಮಳೆ. ರೇಸ್‌ಗೆ ಮುಂಚಿನ ಫಾರ್ಮೇಷನ್ ಸುತ್ತಿನಲ್ಲೇ ಹಜಾರ್ ಜಾರಿ ಗೋಡೆಗೆ ಹೊಡೆದರು. ಹೆಲ್ಮೆಟ್ ಕೂಡ ತೆಗೆಯದೆ ಅಳುತ್ತಾ ನಡೆದು ಬರುತ್ತಿದ್ದ ಅವರನ್ನು ಹ್ಯಾಮಿಲ್ಟನ್ ಅವರ ತಂದೆ ಆಂಥನಿ ಅಪ್ಪಿ ಸಮಾಧಾನ ಮಾಡಿದರು. ಡೂಹನ್ ಮೊದಲ ಸುತ್ತಿನಲ್ಲೇ ಔಟ್. ಬೊರ್ಟೊಲೆಟೊ, ಲಾಸನ್ ಕೂಡ ಮುಗಿಸಲಿಲ್ಲ. ಬೇರ್ಮನ್ ಮುಗಿಸಿದವರಲ್ಲಿ ಕೊನೆಯವರು. ಆರರಲ್ಲಿ ಒಬ್ಬರೇ, ಹದಿನಾರನೆಯ ಸ್ಥಾನದಿಂದ ಹೊರಟ ಆಂಟೊನೆಲ್ಲಿ, ನಾಲ್ಕನೆಯವರಾಗಿ ಗೆರೆ ದಾಟಿದರು. ಒಂದು ಮಾತು ಮರೆಯಬಾರದು: ಅದೇ ಮಳೆಯಲ್ಲಿ ಫರ್ನಾಂಡೊ ಅಲೊನ್ಸೊ ಕೂಡ ಗೋಡೆಗೆ ಗುದ್ದಿದರು, ಸೈನ್ಸ್ ಅಂತೂ ಅಪಘಾತವಾದಾಗ ಎಲ್ಲರನ್ನೂ ನಿಧಾನವಾಗಿ ಮುನ್ನಡೆಸುವ ಸೇಫ್ಟಿ ಕಾರ್ ಹಿಂದೆ ಹೋಗುವಾಗಲೇ ಜಾರಿದರು. ಬರೀ ಹೊಸಬರು ಎಂಬ ಕಾರಣಕ್ಕೆ ಬಿದ್ದರು ಅನ್ನುವುದು ಸುಲಭದ ತೀರ್ಪು.

ಹಾಗಾದರೆ ಹೊಸಬನಿಗೆ ನಿಜಕ್ಕೂ ಇಲ್ಲದ್ದು ಏನು? ವೇಗವಂತೂ ಅಲ್ಲ. ಒಂದು ಸುತ್ತನ್ನು ಜೋರಾಗಿ ಓಡಿಸುವುದು ಇವರೆಲ್ಲರಿಗೂ ಗೊತ್ತು. ಆಂಟೊನೆಲ್ಲಿ ಮೂರನೆಯ ರೇಸ್‌ನಲ್ಲೇ, ಜಪಾನಿನಲ್ಲಿ, ರೇಸ್ ಮುನ್ನಡೆಸಿದ ಅತಿ ಕಿರಿಯ ಎನಿಸಿದರು; ಮಯಾಮಿಯಲ್ಲಿ ಸ್ಪ್ರಿಂಟ್ ಎಂಬ ಚಿಕ್ಕ ರೇಸ್‌ಗೆ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಕೆನಡಾದಲ್ಲಿ ಮೂರನೆಯ ಸ್ಥಾನ. ಆಮೇಲೆ ಯುರೋಪಿನ ಬೇಸಿಗೆಯಲ್ಲಿ ರೇಸ್ ಮೇಲೆ ರೇಸ್ ಅಂಕವಿಲ್ಲದೆ ಕಳೆಯಿತು. ಅದರ ಕಾರಣದಲ್ಲಿ ಈ ಇಡೀ ವಿಷಯದ ಕೀಲಿಯಿದೆ. ಮರ್ಸಿಡಿಸ್ ಆ ಹೊತ್ತಿಗೆ ಹೊಸ ಹಿಂಬದಿ ಸಸ್ಪೆನ್ಷನ್ ತಂದಿತ್ತು, ಅದರಿಂದ ಕಾರಿನ ಹಿಂಭಾಗ ನಂಬಿಕೆಗೆ ಬರುತ್ತಿರಲಿಲ್ಲ. ಪಕ್ಕದ ಕಾರಿನಲ್ಲಿದ್ದ ಜಾರ್ಜ್ ರಸೆಲ್ ಅದೇ ಕಾರಿನಲ್ಲಿ ಹೇಗೋ ಅಂಕ ತರುತ್ತಿದ್ದರು. ಏಳು ವರ್ಷ ಓಡಿಸಿದವನಿಗೆ ಕಾರು ಜಾರಿದರೆ ‘ಇದು ಕಾರಿನ ದೋಷ, ಹಿಂದೆ ಹೀಗಿರಲಿಲ್ಲ’ ಎಂದು ಗೊತ್ತಾಗುತ್ತದೆ. ಹೋಲಿಸಲು ನೂರಾರು ನೆನಪುಗಳಿವೆ. ಹೊಸಬನಿಗೆ ಆ ಅಳತೆಗೋಲೇ ಇಲ್ಲ. ತಪ್ಪು ತನ್ನದೋ ಕಾರಿನದೋ ತಿಳಿಯದೆ ತನ್ನ ಓಡಿಸುವ ಕ್ರಮವನ್ನೇ ಬದಲಿಸಲು ಹೋಗುತ್ತಾನೆ, ಆಗ ಇದ್ದ ವೇಗವೂ ಕೈಬಿಡುತ್ತದೆ. ಹಂಗೇರಿಯಲ್ಲಿ ತಂಡ ಹಳೆಯ ಸಸ್ಪೆನ್ಷನ್‌ಗೆ ಮರಳಿತು. ಅಜರ್‌ಬೈಜಾನ್‌ನ ಬಾಕುವಿನಲ್ಲಿ ಆಂಟೊನೆಲ್ಲಿ ನಾಲ್ಕನೆಯವರಾದರು, ಬ್ರೆಜಿಲ್‌ನಲ್ಲಿ ಎರಡನೆಯವರು. ವರ್ಷದ ಕೊನೆಗೆ 150 ಅಂಕದೊಂದಿಗೆ ಏಳನೆಯ ಸ್ಥಾನ. ಅವರಿಗಿಂತ ಒಂದೇ ಸ್ಥಾನ ಮೇಲೆ, 156 ಅಂಕದೊಂದಿಗೆ, ಅವರು ಯಾರ ಸೀಟಿಗೆ ಬಂದರೋ ಆ ಹ್ಯಾಮಿಲ್ಟನ್.

ಟೈರ್ ವಿಷಯವೂ ಇಂಥದ್ದೇ. ಪಿರೆಲ್ಲಿ ಟೈರ್ ಒಂದು ತಾಪಮಾನ ದಾಟಿದರೆ ಹಿಡಿತ ಬಿಡುತ್ತದೆ. ಗೆಲ್ಲುವವನು ಎಲ್ಲಿ ನಿಧಾನವಾಗಬೇಕು ಎಂದು ಬಲ್ಲವನು. ಆ ತಿಳಿವು ಸಿಮ್ಯುಲೇಟರ್‌ನಲ್ಲಿ ಅರ್ಧ ಮಾತ್ರ ಸಿಗುತ್ತದೆ.

ಕಲಿಯಲು ಸಮಯ ಬೇಕು, ಸಮಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗಲಿಲ್ಲ. ಮೆಲ್ಬರ್ನ್‌ನಲ್ಲಿ ಅತ್ತಿದ್ದ ಹಜಾರ್ ಆಗಸ್ಟ್ 31ರಂದು ನೆದರ್‌ಲೆಂಡ್ಸ್‌ನ ಝಾಂಡ್‌ವೂರ್ಟ್‌ನಲ್ಲಿ ನಾಲ್ಕನೆಯವರಾಗಿ ಹೊರಟು ಮೂರನೆಯ ಸ್ಥಾನ ಗಳಿಸಿ, ಮೊದಲ ಮೂವರು ನಿಲ್ಲುವ ಪೋಡಿಯಂ ಏರಿದರು. ಬೇರ್ಮನ್ ಮೆಕ್ಸಿಕೊದಲ್ಲಿ ನಾಲ್ಕನೆಯವರಾದರು, ಪುಟ್ಟ ಹಾಸ್ ತಂಡಕ್ಕೆ ಅದುವರೆಗೆ ಅದಕ್ಕಿಂತ ಒಳ್ಳೆಯ ಫಲಿತಾಂಶ ಎಂದೂ ಬಂದಿರಲಿಲ್ಲ. ಬೊರ್ಟೊಲೆಟೊ ಹಂಗೇರಿಯಲ್ಲಿ ಆರನೆಯವರು. ಈ ಮೂವರಿಗೂ ಸಾಮಾನ್ಯವಾದದ್ದು ಒಂದು: ಆರಂಭದಲ್ಲಿ ಎಡವಿದರೂ ಇವರ ಸೀಟನ್ನು ಯಾರೂ ಮುಟ್ಟಲಿಲ್ಲ. ಲಾಸನ್ ವಿಷಯದಲ್ಲಿ ರೆಡ್ ಬುಲ್ ಎರಡೇ ರೇಸ್ ನೋಡಿತು. ವರ್‌ಸ್ಟಾಪನ್ ಅವರ ಅಭಿರುಚಿಗೆ ತಕ್ಕಂತೆ ವರ್ಷಗಳಿಂದ ಬೆಳೆದು ಬಂದ ಆ ಕಾರು ಇನ್ನೊಬ್ಬರ ಕೈಗೆ ಒಗ್ಗುವುದೇ ಕಷ್ಟ. ಚೀನಾದ ನಂತರ ಅವರನ್ನು ಕೆಳಗಿನ ತಂಡಕ್ಕೆ ಕಳಿಸಿ ಯುಕಿ ತ್ಸುನೊಡಾ ಅವರನ್ನು ಮೇಲೆ ತಂದರು, ಅವರೂ ಒದ್ದಾಡಿದರು. ಕೆಳಗೆ ಹೋದ ಲಾಸನ್ ಬಾಕುವಿನಲ್ಲಿ ಐದನೆಯವರಾಗಿ ಬಂದರು. ಡೂಹನ್‌ಗೆ ಸಿಕ್ಕದ್ದು ಆರು ರೇಸ್, ಆಮೇಲೆ ಆಲ್ಪೀನ್ ಆ ಸೀಟಿಗೆ ಫ್ರಾಂಕೊ ಕೊಲಪಿಂಟೊ ಅವರನ್ನು ತಂದಿತು. ಆರು ರೇಸ್‌ನಲ್ಲಿ ಯಾರನ್ನೂ ಅಳೆಯಲಾಗದು ಎಂದೇ ನಾನು ನಂಬಿದ್ದೇನೆ. ಮೆಲ್ಬರ್ನ್‌ನಿಂದ ಆರು ರೇಸ್ ನೋಡಿ ಬೇರ್ಮನ್ ಅವರನ್ನು ಕೈಬಿಟ್ಟಿದ್ದರೆ ಮೆಕ್ಸಿಕೊದ ಆ ನಾಲ್ಕನೆಯ ಸ್ಥಾನ ಬರುತ್ತಿರಲಿಲ್ಲ.

ಇತ್ತ ಹಳಬರ ಕಥೆಯೂ ಇದನ್ನೇ ಹೇಳುತ್ತದೆ. ನಲವತ್ತು ದಾಟಿದ ಹ್ಯಾಮಿಲ್ಟನ್ ಚೀನಾದಲ್ಲಿ ಸ್ಪ್ರಿಂಟ್ ಗೆದ್ದರು, ಆದರೆ ಇಡೀ ವರ್ಷ ಒಂದೂ ರೇಸ್ ಪೋಡಿಯಂ ಸಿಗಲಿಲ್ಲ. 2007ರಿಂದ ಈಚೆಗೆ ಅವರಿಗೆ ಹಾಗಾದದ್ದು ಇದೇ ಮೊದಲು. ವಯಸ್ಸು ಎಂದು ಹೇಳಿ ಮುಗಿಸಬಹುದು. ಆದರೆ 37ರ ಹುಲ್ಕೆನ್‌ಬರ್ಗ್ ಅದೇ ವರ್ಷ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನ ಮಳೆಯಲ್ಲಿ ಹತ್ತೊಂಬತ್ತನೆಯವರಾಗಿ ಹೊರಟು ಮೂರನೆಯವರಾದರು. ಅದು ಅವರ 239ನೆಯ ರೇಸ್, ಮೊದಲ ಪೋಡಿಯಂ. ಹೊಸ ತಂಡದಲ್ಲಿ ಹ್ಯಾಮಿಲ್ಟನ್ ಕೂಡ ಒಂದು ಬಗೆಯಲ್ಲಿ ಹೊಸಬರೇ: ಬ್ರೇಕ್ ಬೇರೆ, ಎಂಜಿನಿಯರ್ ಬೇರೆ, ಕಾರು ಮಾತಾಡುವ ರೀತಿಯೇ ಬೇರೆ. ಸೈನ್ಸ್‌ಗೂ ವಿಲಿಯಮ್ಸ್ ಒಗ್ಗಲು ಅರ್ಧ ಸೀಸನ್ ಹಿಡಿಯಿತು, ಆಮೇಲೆ ಬಾಕು ಮತ್ತು ಕತಾರ್‌ನಲ್ಲಿ ಪೋಡಿಯಂ ಬಂತು. ಅಲೊನ್ಸೊ ಮೊದಲ ರೇಸ್ ಓಡಿಸಿದ್ದು 2001ರ ಮಾರ್ಚ್ 4ರಂದು. 2025ರ ಪ್ರಶಸ್ತಿಗೆ ಕೊನೆಯವರೆಗೂ ಸೆಣಸಿದ ಪಿಯಾಸ್ಟ್ರಿ ಹುಟ್ಟಿದ್ದೇ ಅದರ ಮುಂದಿನ ತಿಂಗಳು!

ಈಗ ಆ ಸೆಣಸಾಟಕ್ಕೆ ಬರೋಣ. 24 ರೇಸ್‌ಗಳಲ್ಲಿ ವರ್‌ಸ್ಟಾಪನ್ ಎಂಟು ಗೆದ್ದರು, ನಾರಿಸ್ ಮತ್ತು ಪಿಯಾಸ್ಟ್ರಿ ಏಳೇಳು, ರಸೆಲ್ ಎರಡು. ಅಷ್ಟೇ, ಬೇರೆ ಯಾರೂ ಗೆಲ್ಲಲಿಲ್ಲ. ಆರು ಹೊಸಬರಲ್ಲಿ ಒಬ್ಬರೂ ಇಲ್ಲ, ಮೂವತ್ತು ದಾಟಿದವರಲ್ಲಿ ಒಬ್ಬರೂ ಇಲ್ಲ. ಝಾಂಡ್‌ವೂರ್ಟ್ ಮುಗಿದಾಗ ಮೂರನೆಯ ಸೀಸನ್‌ನಲ್ಲಿದ್ದ ಪಿಯಾಸ್ಟ್ರಿ ನಾರಿಸ್‌ಗಿಂತ 34, ವರ್‌ಸ್ಟಾಪನ್‌ಗಿಂತ 104 ಅಂಕ ಮುಂದಿದ್ದರು. ಆಮೇಲೆ ಬಾಕುವಿನಲ್ಲಿ ಮೊದಲ ಸುತ್ತಿನಲ್ಲೇ ಗೋಡೆ; ಆಸ್ಟಿನ್, ಮೆಕ್ಸಿಕೊ, ಬ್ರೆಜಿಲ್‌ನಲ್ಲಿ ಐದನೆಯ ಸ್ಥಾನವೇ ಗತಿ. ಆಸ್ಟಿನ್, ಮೆಕ್ಸಿಕೊದಂಥ ಹಿಡಿತ ಕಡಿಮೆಯಿರುವ ಟ್ರ್ಯಾಕ್‌ನಲ್ಲಿ ಕಾರನ್ನು ಜಾರಿಸಿಕೊಂಡೇ ಓಡಿಸಬೇಕು; ಅದು ನಾರಿಸ್‌ಗೆ ಒಗ್ಗಿತ್ತು, ಪಿಯಾಸ್ಟ್ರಿ ಇನ್ನೂ ಕಲಿಯುತ್ತಿದ್ದರು. ಮೆಕ್ಸಿಕೊ ಗೆದ್ದ ನಾರಿಸ್ ಒಂದು ಅಂಕದಿಂದ ಮುಂದೆ ಬಂದರು.

ಅಲ್ಲಿಗೂ ಮುಗಿಯಲಿಲ್ಲ. ಲಾಸ್ ವೇಗಸ್‌ನಲ್ಲಿ ನಾರಿಸ್, ಪಿಯಾಸ್ಟ್ರಿ ಓಡಿಸುತ್ತಿದ್ದ ಎರಡೂ ಮೆಕ್‌ಲಾರೆನ್ ಕಾರುಗಳ ತಳದ ಹಲಗೆ 9 ಮಿಲಿಮೀಟರ್‌ಗಿಂತ ತೆಳ್ಳಗಾಗುವಷ್ಟು ಸವೆದಿದೆ ಎಂದು ಇಬ್ಬರನ್ನೂ ಅನರ್ಹಗೊಳಿಸಿದರು. ಕತಾರ್‌ನಲ್ಲಿ ಸೇಫ್ಟಿ ಕಾರ್ ಬಂದಾಗ, ಎಲ್ಲರೂ ನಿಧಾನವಾಗಿರುವ ಆ ಹೊತ್ತಿನಲ್ಲಿ ಸಮಯದ ನಷ್ಟ ಕಡಿಮೆ ಎಂದು, ಉಳಿದ ಬಹುತೇಕ ಎಲ್ಲರೂ ಟೈರ್ ಬದಲಿಸಲು ಪಿಟ್‌ಗೆ ಹೋದರೆ ಮೆಕ್‌ಲಾರೆನ್ ತನ್ನವರನ್ನು ಟ್ರ್ಯಾಕ್‌ನಲ್ಲೇ ಬಿಟ್ಟಿತು. ಎರಡೂ ರೇಸ್ ವರ್‌ಸ್ಟಾಪನ್ ಪಾಲಾದವು. ಅಬುಧಾಬಿಗೆ ಬರುವಾಗ ನಾರಿಸ್ 408, ವರ್‌ಸ್ಟಾಪನ್ 396, ಪಿಯಾಸ್ಟ್ರಿ 392. ವರ್‌ಸ್ಟಾಪನ್ ಗೆದ್ದು 421 ಮುಟ್ಟಿದರು. ನಾರಿಸ್‌ಗೆ ಬೇಕಿದ್ದದ್ದು ಮೂರನೆಯ ಸ್ಥಾನ, ಅದನ್ನೇ ತಂದು 423ಕ್ಕೆ ನಿಂತರು. ಎರಡು ಅಂಕದ ಅಂತರದಲ್ಲಿ ಅವರು 35ನೆಯ ವಿಶ್ವ ಚಾಂಪಿಯನ್.

2019ರಲ್ಲಿ ನಾರಿಸ್, ರಸೆಲ್, ಅಲೆಕ್ಸ್ ಆಲ್ಬನ್ ಒಟ್ಟಿಗೆ ಬಂದಿದ್ದರು. ಆ ಬ್ಯಾಚಿನ ಫಸಲು ಕೈಗೆ ಬರಲು ಏಳು ಸೀಸನ್ ಬೇಕಾಯಿತು. 2015ರಲ್ಲಿ ಬಂದ ವರ್‌ಸ್ಟಾಪನ್ ಮೊದಲ ಸಲ ಚಾಂಪಿಯನ್ ಆದದ್ದು 2021ರಲ್ಲಿ, ಅದೂ ಏಳನೆಯದು. 2001ರಲ್ಲಿ ಬಂದವರಲ್ಲಿ ಅಲೊನ್ಸೊ 2005ರಲ್ಲಿ ಗೆದ್ದರು, ಕಿಮಿ ರೈಕೊನೆನ್ 2007ರಲ್ಲಿ. ಜೆನ್ಸನ್ ಬಟನ್‌ಗೆ ಹತ್ತು ಸೀಸನ್ ಹಿಡಿಯಿತು. ಬಂದ ವರ್ಷವೇ ಬಾಗಿಲು ತಟ್ಟಿದ ಅಪವಾದ ಹ್ಯಾಮಿಲ್ಟನ್. ಅವರೂ 2007ರಲ್ಲಿ ಒಂದು ಅಂಕದಿಂದ ಸೋತು, ಮರುವರ್ಷ ಗೆದ್ದರು. ಈ ಲೆಕ್ಕದಲ್ಲಿ ನೋಡಿದರೆ 2025ರಲ್ಲಿ ಆದ ತಲೆಮಾರಿನ ಬದಲಾವಣೆ ಆರು ವರ್ಷ ಹಿಂದೆ ಶುರುವಾದದ್ದು. 2025ರಲ್ಲಿ ಬಂದವರ ಹಣೆಬರಹವನ್ನು ಮೊದಲ ವರ್ಷದ ಪಟ್ಟಿ ನೋಡಿ ಬರೆಯಲು ಆಗುವುದಿಲ್ಲ.

ಈ ಲೆಕ್ಕವನ್ನು ಕೆಡಿಸಬಲ್ಲದ್ದು ಒಂದೇ, ನಿಯಮಗಳ ದೊಡ್ಡ ಬದಲಾವಣೆ. 2026ಕ್ಕೆ ಅದೇ ಬರೆದಿಟ್ಟದ್ದು: ಶಕ್ತಿಯ ಸುಮಾರು ಅರ್ಧ ಭಾಗ ವಿದ್ಯುತ್ತಿನಿಂದ, ಟ್ರ್ಯಾಕ್‌ನಲ್ಲಿ ಓಡುವಾಗಲೇ ರೆಕ್ಕೆಗಳ ಕೋನ ಬದಲಾಗುವ ಕಾರು. ಹಳಬರ ನೂರಾರು ನೆನಪುಗಳಲ್ಲಿ ಒಂದಷ್ಟು ಅಂಥ ಕಾರಿನಲ್ಲಿ ಕೆಲಸಕ್ಕೆ ಬಾರವು. ಹಜಾರ್ ಅವರಿಗೆ ವರ್‌ಸ್ಟಾಪನ್ ಪಕ್ಕದ ಆ ಕಷ್ಟದ ಸೀಟು ಸಿಕ್ಕಿತು. ಲಾಸನ್ ಹೋದ ದಾರಿಯಲ್ಲೇ ಅವರೂ ಹೊರಟರೂ, ಕಾರೇ ಹೊಸದಾಗುವುದರಿಂದ ಅವರ ಅದೃಷ್ಟ ಚೂರು ಮೇಲು ಎನ್ನಬೇಕು.

ಸೀಟುಗಳ ಕಥೆ ಮಾತ್ರ ಮತ್ತೆ ಮೊದಲಿನಂತಾಯಿತು. ಹನ್ನೊಂದನೆಯ ತಂಡವಾಗಿ ಕ್ಯಾಡಿಲ್ಯಾಕ್ ಸೇರಿ 2026ಕ್ಕೆ ಸೀಟು 22 ಆದಾಗ, ಅದು ತನ್ನ ಎರಡನ್ನೂ ಪೆರೆಜ್ ಮತ್ತು ವಾಲ್ಟೆರಿ ಬೊಟಾಸ್ ಎಂಬ ಪಳಗಿದವರಿಗೆ ಕೊಟ್ಟಿತು. 2026ರ ಪಟ್ಟಿಗೆ ಹೊಸಬರಾಗಿ ಬಂದದ್ದು ಆರ್ವಿಡ್ ಲಿಂಡ್‌ಬ್ಲಾಡ್ ಒಬ್ಬರೇ, ರೇಸಿಂಗ್ ಬುಲ್ಸ್‌ನಲ್ಲಿ. 2024ರಲ್ಲಿ ಫಾರ್ಮುಲಾ 3, 2025ರಲ್ಲಿ ಫಾರ್ಮುಲಾ 2 ಎರಡನ್ನೂ ಬೆನ್ನುಬೆನ್ನಿಗೆ ಗೆದ್ದ ಲಿಯೊನಾರ್ಡೊ ಫೊರ್ನಾರೊಲಿ ಆ ಪಟ್ಟಿಯಲ್ಲಿಲ್ಲ. ಫೆರಾರಿಯ ಚಾರ್ಲ್ಸ್ ಲೆಕ್ಲೇರ್, ರಸೆಲ್, ಪಿಯಾಸ್ಟ್ರಿ, ಬೊರ್ಟೊಲೆಟೊ ಹತ್ತಿದ ಅದೇ ಮೆಟ್ಟಿಲುಗಳನ್ನು ಹತ್ತಿ ಬಂದ ಅವರು ಸೇರಿದ್ದು ಮೆಕ್‌ಲಾರೆನ್‌ನ ಯುವ ಡ್ರೈವರ್‌ಗಳ ತರಬೇತಿ ಯೋಜನೆಗೆ.